ಕ್ಲಿನಿಕ್‌ನಲ್ಲಿ ಫೋನ್ ಎತ್ತುವವರು ಏನು ಹೇಳಬೇಕು, ಏನು ಹೇಳಬಾರದು?

ಹೊಸ ರಿಸೆಪ್ಷನಿಸ್ಟ್

ಎಲ್ಲರಿಗೂ ನಮಸ್ಕಾರ. ಮೂರ್ನಾಲ್ಕು ಡಾಕ್ಟರ್‌ಗಳು ಕೂರುವ ಕ್ಲಿನಿಕ್ ಒಂದರಲ್ಲಿ ರಿಸೆಪ್ಷನ್ ಕೆಲಸಕ್ಕೆ ಈಗಷ್ಟೇ ಸೇರಿದ್ದೇನೆ. ಬಿಲ್ಲು, ಫೈಲು, ಕಂಪ್ಯೂಟರ್ ಪರವಾಗಿಲ್ಲ, ಮಾಡುತ್ತಾ ಮಾಡುತ್ತಾ ಬರುತ್ತದೆ. ಕಷ್ಟ ಇರೋದು ಫೋನ್‌ದು. ಎದುರಿಗೆ ಜನ ನಿಂತಿರುತ್ತಾರೆ, ಪಕ್ಕದಲ್ಲಿ ಅದು ರಿಂಗ್ ಆಗುತ್ತಲೇ ಇರುತ್ತದೆ. ಒಬ್ಬರಿಗೆ ಅಪಾಯಿಂಟ್‌ಮೆಂಟ್ ಬೇಕು, ಇನ್ನೊಬ್ಬರಿಗೆ ರಿಪೋರ್ಟ್ ಬಂತಾ ಅಂತ ಗೊತ್ತಾಗಬೇಕು, ಮತ್ತೊಬ್ಬರು ‘ಅಮ್ಮನಿಗೆ ತಲೆ ಸುತ್ತುತ್ತಿದೆ, ಬಿಪಿ ಮಾತ್ರೆ ಕೊಡಲಾ ಬೇಡ್ವಾ’ ಅಂತ ನನ್ನನ್ನೇ ಕೇಳುತ್ತಾರೆ. ನನಗೆ ಹೇಳಿಕೊಟ್ಟಿದ್ದು ‘ನಯವಾಗಿ ಮಾತಾಡಮ್ಮ’ ಅಂತ ಮಾತ್ರ. ನಯವಾಗಿ ಮಾತಾಡಿದರೆ ಸಾಕಾ? ಎಷ್ಟು ಕೇಳಬೇಕು, ಎಷ್ಟು ಹೇಳಬೇಕು, ಯಾವಾಗ ಡಾಕ್ಟರ್ ಬಾಗಿಲು ತಟ್ಟಬೇಕು? ಅನುಭವ ಇರುವವರು ಬಿಡಿಸಿ ಹೇಳಿ, ದಯವಿಟ್ಟು.

ಹಳೇ ಸಿಸ್ಟರ್

ಸಾಕಾಗಲ್ಲಮ್ಮ. ನಯ ಬೇಕೇ ಬೇಕು, ಆದರೆ ಅದು ಅರ್ಧ ಕೆಲಸ ಅಷ್ಟೇ.

ಮೊದಲು ಒಂದು ಮಾತು ನಿನ್ನ ನಾಲಿಗೆಯಿಂದ ಪೂರ್ತಿ ತೆಗೆದುಬಿಡು. ‘ಏನೂ ಆಗಲ್ಲ ಬಿಡಿ.’ ಸಮಾಧಾನ ಹೇಳೋಣ ಅಂತ ಒಳ್ಳೆ ಮನಸ್ಸಿನಿಂದಲೇ ಬರುವ ಮಾತು ಅದು, ಆದರೆ ಫೋನ್ ಮಾಡಿದವರಿಗೆ ಅದು ಕ್ಲಿನಿಕ್ ಕೊಟ್ಟ ಉತ್ತರ. ಡಾಕ್ಟರೇ ಹೇಳಿದ ಹಾಗೆ ತೆಗೆದುಕೊಂಡು ಮನೆಯಲ್ಲೇ ಉಳಿದುಬಿಡುತ್ತಾರೆ. ಹಾಗೇ ‘ಅದು ಗ್ಯಾಸ್ಟ್ರಿಕ್ ಇರಬೇಕು’ ಅನ್ನೋದೂ ಬೇಡ. ರೋಗ ಏನು ಅಂತ ಊಹಿಸೋದು ನಮ್ಮ ಕುರ್ಚಿಯ ಕೆಲಸ ಅಲ್ಲ.

ನಿನ್ನ ಕೆಲಸ ಬೇರೆ ಇದೆ, ಅದು ಸಣ್ಣದಲ್ಲ. ಈ ಫೋನ್ ಕಾಯಬಹುದಾ ಕಾಯಬಾರದಾ ಅಂತ ಮೊದಲ ಅರ್ಧ ನಿಮಿಷದಲ್ಲಿ ಪತ್ತೆ ಮಾಡೋದು. ಅದಕ್ಕೆ ಡಾಕ್ಟರ್‌ಗಳೇ ಬರೆದು ಸಹಿ ಹಾಕಿದ ಒಂದು ಪಟ್ಟಿ ನಿನ್ನ ಫೋನ್ ಪಕ್ಕ ಅಂಟಿಸಿರಬೇಕು. ಇಲ್ಲದಿದ್ದರೆ ಇವತ್ತೇ ಕೇಳು. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರಬೇಕಾದ್ದು ಹೇಳುತ್ತೇನೆ. ಎದೆನೋವು, ಎದೆ ಬಿಗಿತ, ಅದರ ಜೊತೆ ಬೆವರು ಅಥವಾ ಉಸಿರಾಟದ ಕಷ್ಟ. ಹೆಂಗಸರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಹೃದಯಾಘಾತದಲ್ಲಿ ಎದೆನೋವು ಬರದೇನೂ ಇರಬಹುದು, ದವಡೆ ನೋವು, ವಾಕರಿಕೆ, ಹಠಾತ್ ಸುಸ್ತು ಅಂತ ಹೇಳುತ್ತಾರೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಮುಖ ಒಂದು ಕಡೆ ಸೊಟ್ಟಗಾಗೋದು, ಒಂದು ಕೈ ಎತ್ತಲಾಗದೆ ಇರೋದು, ಮಾತು ತೊದಲೋದು, ಇವು ಸ್ಟ್ರೋಕ್. ತುಟಿ ನಾಲಿಗೆ ಊದಿ ಉಸಿರು ಕಟ್ಟಿದರೆ ಅದು ಅಲರ್ಜಿಯ ಅತಿ ಕೆಟ್ಟ ರೂಪ. ನಿಲ್ಲದ ರಕ್ತ. ಮೊದಲ ಸಲ ಬಂದ ಅಥವಾ ನಿಲ್ಲದೆ ಇರುವ ಫಿಟ್ಸ್. ಗರ್ಭಿಣಿಗೆ ರಕ್ತ ಹೋಗೋದು, ಮಗು ಒದೆಯೋದು ಕಡಿಮೆ ಆಗೋದು. 3 ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಅಥವಾ ಜಾಸ್ತಿ ಜ್ವರ. ಮಗು ಆಡುತ್ತಿದೆ, ಹಾಲು ಕುಡಿಯುತ್ತಿದೆ ಅಂತ ಅಮ್ಮ ಹೇಳಿದರೂ ಆ ವಯಸ್ಸಿಗೆ ಅದು ಕಾಯುವ ಜ್ವರ ಅಲ್ಲ.

ಇಂಥದ್ದು ಬಂದರೆ ಅಪಾಯಿಂಟ್‌ಮೆಂಟ್ ಹುಡುಕಬೇಡ. ‘ಈಗಲೇ ಆಂಬುಲೆನ್ಸ್‌ಗೆ ಫೋನ್ ಮಾಡಿ, ರೋಗಿಯೇ ಗಾಡಿ ಓಡಿಸಿಕೊಂಡು ಬರಬೇಡಿ’ ಅಂತ ನೇರವಾಗಿ ಹೇಳು, ವಿಳಾಸ ಬರೆದುಕೋ, ಅಲ್ಲಿದ್ದ ನರ್ಸ್ ಅಥವಾ ಡಾಕ್ಟರನ್ನು ಕರೆ. ರೋಗಿ ಒಬ್ಬರೇ ಇದ್ದರೆ ಲೈನ್ ಬಿಡಬೇಡ, ಇನ್ನೊಂದು ಫೋನ್‌ನಿಂದ ಬೇರೆಯವರು ಆಂಬುಲೆನ್ಸ್ ಕರೆಸಲಿ.

ಮ್ಯಾನೇಜರ್

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಆಫೀಸಿನ ಕಡೆಯಿಂದ ಸೇರಿಸುತ್ತೇನೆ.

ಫೋನ್ ಎತ್ತಿದ ಕೂಡಲೇ ಕ್ಲಿನಿಕ್ ಹೆಸರು, ನಿಮ್ಮ ಹೆಸರು, ‘ಹೇಳಿ’. ಇಷ್ಟು ಸಾಕು. ಕೆಲವು ಕಡೆ ಉದ್ದುದ್ದ ಸ್ವಾಗತ ವಾಕ್ಯ ಬಾಯಿಪಾಠ ಮಾಡಿಸಿರುತ್ತಾರೆ, ಹೊಟ್ಟೆನೋವಲ್ಲಿ ಒದ್ದಾಡುತ್ತಿರುವವರಿಗೆ ಅದು ಯಾಕೆ?

ಎಲ್ಲಕ್ಕಿಂತ ಜಾಸ್ತಿ ಕೆಡುವುದು ಹೋಲ್ಡ್ ವಿಷಯದಲ್ಲಿ. ಫೋನ್ ಎತ್ತಿ ‘ಒಂದ್ನಿಮಿಷ ಹೋಲ್ಡ್ ಮಾಡಿ’ ಅಂತ ಹೇಳಿ ಆ ಕಡೆಯವರು ಬಾಯಿ ತೆರೆಯುವ ಮೊದಲೇ ಬಟನ್ ಒತ್ತಿಬಿಡುತ್ತಾರೆ. ಆ ಕಡೆ ಇರುವವರಿಗೆ ಉಸಿರು ಕಟ್ಟುತ್ತಿತ್ತಾ, ಅಪಾಯಿಂಟ್‌ಮೆಂಟ್ ಬೇಕಿತ್ತಾ, ಗೊತ್ತೇ ಆಗಲ್ಲ. ನಮ್ಮಲ್ಲಿ ನಿಯಮ ಒಂದೇ. ಮೊದಲು ‘ತುರ್ತಾ?’ ಅಂತ ಕೇಳಬೇಕು. ಉತ್ತರ ಕಿವಿಗೆ ಬಿದ್ದ ಮೇಲೆ ‘ಸ್ವಲ್ಪ ಹೊತ್ತು ಕಾಯುತ್ತೀರಾ, ಇಲ್ಲ ನಾನೇ ಫೋನ್ ಮಾಡಲಾ?’ ಅಂತ ಕೇಳಬೇಕು, ಅದಕ್ಕೂ ಉತ್ತರ ಬರುವವರೆಗೆ ಬಟನ್ ಮುಟ್ಟಬಾರದು. ಕಾಯುತ್ತೇನೆ ಅಂದವರ ಹತ್ತಿರ ಒಂದು ನಿಮಿಷದೊಳಗೆ ವಾಪಸ್ ಬರಬೇಕು. ಕೆಲಸ ಮುಗಿಯದಿದ್ದರೂ ‘ಇನ್ನೂ ನೋಡುತ್ತಿದ್ದೇನೆ’ ಅಂತಾದರೂ ಹೇಳಬೇಕು.

ಬೇರೆಯವರಿಗೆ ಲೈನ್ ಕೊಡುವಾಗಲೂ ಅಷ್ಟೇ. ಸುಮ್ನೆ ದಾಟಿಸಬೇಡಿ. ಯಾರು, ಏನು ವಿಷಯ ಅಂತ ಮೊದಲು ಒಳಗಿನವರಿಗೆ ಹೇಳಿ ಆಮೇಲೆ ಕೊಡಿ. ನೋವಿನಲ್ಲಿ ಇರುವವರು ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಬೇಕಾದರೆ ಕೊನೆಗೆ ಮುಖ್ಯವಾದದ್ದನ್ನೇ ಬಿಟ್ಟುಬಿಡುತ್ತಾರೆ.

ಡಾಕ್ಟರ್

ಫೋನ್ ತಪ್ಪಾದಾಗ ರಿಸೆಪ್ಷನ್‌ನವರನ್ನು ಬೈಯುವುದು ಸುಲಭ. ಆದರೆ ಪಟ್ಟಿ ಕೊಡದೆ, ತರಬೇತಿ ಕೊಡದೆ, ಆಮೇಲೆ ‘ಯಾಕೆ ನನಗೆ ಹೇಳಲಿಲ್ಲ’ ಅನ್ನುವ ಡಾಕ್ಟರ್‌ಗಳದ್ದೇ ಇದರಲ್ಲಿ ದೊಡ್ಡ ಪಾಲು ಅಂತ ನಾನು ನಂಬುತ್ತೇನೆ. ಬಾಗಿಲು ತಟ್ಟಿದ್ದಕ್ಕೆ ಒಂದು ಸಲ ರೇಗಿದರೆ ಸಾಕು, ಆ ಹುಡುಗಿ ಮುಂದೆ ಎಂದೂ ತಟ್ಟುವುದಿಲ್ಲ. ನಿಜವಾಗಿ ತಟ್ಟಬೇಕಾದ ದಿನವೂ ತಟ್ಟುವುದಿಲ್ಲ.

ಯಾವುದಕ್ಕೆ ಒಳಗೆ ಬರಬಹುದು ಅಂತ ಡಾಕ್ಟರೇ ಮೊದಲೇ ಹೇಳಿರಬೇಕು. ನಾನು ಹೇಳಿರುವುದು ಇಷ್ಟು: ಸಿಸ್ಟರ್ ಹೇಳಿದ ಪಟ್ಟಿಯಲ್ಲಿ ಇರುವುದೆಲ್ಲ, ಬೇರೆ ಡಾಕ್ಟರ್ ಅಥವಾ ಆಸ್ಪತ್ರೆ ವಾರ್ಡ್‌ನಿಂದ ಬಂದ ಫೋನ್, ಲ್ಯಾಬ್‌ನವರು ‘ಇದು ಅಪಾಯದ ಮಟ್ಟ’ ಅಂತ ಹೇಳಿದ ಫಲಿತಾಂಶ, ಮತ್ತೆ ‘ಯಾಕೋ ಇದು ಸರಿ ಅನ್ನಿಸುತ್ತಿಲ್ಲ’ ಅಂತ ನಿಮಗೇ ಅನ್ನಿಸಿದ್ದು. ಕೊನೆಯದಕ್ಕೆ ಕಾರಣ ಕೇಳುವುದಿಲ್ಲ.

ಬರೆದುಕೊಳ್ಳುವಾಗ ರೋಗಿಯ ಮಾತನ್ನು ಅವರ ಮಾತಿನಲ್ಲೇ ಬರೆಯಿರಿ. ‘ಎದೆ ಮೇಲೆ ಯಾರೋ ಕೂತ ಹಾಗಿದೆ’ ಅಂತ ಅವರು ಹೇಳಿದ್ದನ್ನು ‘ಎದೆಯಲ್ಲಿ ಅಸ್ವಸ್ಥತೆ’ ಅಂತ ಬರೆದರೆ ನನಗೆ ಬೇಕಾದದ್ದು ಹೋಗಿಬಿಡುತ್ತದೆ. ಯಾವಾಗ ಶುರುವಾಯಿತು ಅನ್ನುವುದನ್ನು ಮರೆಯಬೇಡಿ. ಸ್ಟ್ರೋಕ್‌ನಲ್ಲಿ ರಕ್ತದ ಗಡ್ಡೆ ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಹಾಗಾಗಿ ‘ಬೆಳಗ್ಗೆ ನೋಡಿದಾಗ ಹೀಗಿದ್ದರು’ ಅನ್ನುವುದು ಸಾಲದು, ‘ಕೊನೆಯ ಸಲ ಸರಿಯಾಗಿ ಇದ್ದದ್ದನ್ನು ಯಾರು, ಎಷ್ಟು ಗಂಟೆಗೆ ನೋಡಿದರು’ ಅಂತ ಕೇಳಬೇಕು.

ಇನ್ನು ಆ ಬಿಪಿ ಮಾತ್ರೆ ಪ್ರಶ್ನೆ. ‘ನಾನು ಹೇಳುವ ಹಾಗಿಲ್ಲ’ ಅಂತ ಮುಚ್ಚಿಬಿಟ್ಟರೆ ಅವರು ತಮಗೆ ತೋಚಿದ್ದು ಮಾಡುತ್ತಾರೆ. ‘ಇದಕ್ಕೆ ಡಾಕ್ಟರೇ ಉತ್ತರ ಹೇಳಬೇಕು. ಈಗಲೇ ಕೇಳುತ್ತೇನೆ, ಅಲ್ಲಿವರೆಗೆ ಅಮ್ಮನನ್ನು ಮಲಗಿಸಿ, ಒಬ್ಬರನ್ನೇ ಓಡಾಡಲು ಬಿಡಬೇಡಿ, ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ನಮಗೆ ಕಾಯದೆ ಆಂಬುಲೆನ್ಸ್ ಕರೆಯಿರಿ’ ಅನ್ನಿ. ಈ ವಾಕ್ಯವೂ ಪಟ್ಟಿಯಲ್ಲೇ ಬರೆದಿರಲಿ.

ಲ್ಯಾಬ್ ಟೆಕ್ನಿಷಿಯನ್

ನಾನು ಫೋನ್‌ನ ಇನ್ನೊಂದು ತುದಿಯಲ್ಲಿ ಇರುವವನು, ಲ್ಯಾಬ್‌ನಿಂದ ಕ್ಲಿನಿಕ್‌ಗಳಿಗೆ ಫಲಿತಾಂಶ ಹೇಳುವವನು. ನನ್ನದು ಒಂದೇ ಬೇಡಿಕೆ. ನಾನು ಹೇಳಿದ್ದನ್ನು ಬರೆದುಕೊಂಡು, ಬರೆದದ್ದನ್ನು ನೋಡಿ, ನನಗೆ ವಾಪಸ್ ಓದಿ. ‘ಹ್ಞೂಂ, ಆಯ್ತು, ಬರ್ಕೊಂಡೆ’ ಅಂತ ಹೇಳಿ ಇಡಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಫೋನ್‌ನಲ್ಲಿ ಮಾತು ಪೂರ್ತಿ ಬರೋದಿಲ್ಲ. ಹಳೆಯ ಟೆಲಿಫೋನ್ ಲೈನ್ ಸುಮಾರು 300ರಿಂದ 3400 ಹರ್ಟ್ಸ್ (ಧ್ವನಿ ಎಷ್ಟು ಕೀರಲು ಅನ್ನುವುದರ ಅಳತೆ) ತನಕದ ಧ್ವನಿ ಮಾತ್ರ ಸಾಗಿಸುತ್ತದೆ. ಸ, ಫ ಥರದ ಶಬ್ದಗಳ ಗುರುತು ಹೆಚ್ಚಾಗಿ ಅದಕ್ಕಿಂತ ಮೇಲೆ ಇರುತ್ತದೆ. ಹಾಗಾಗಿ ಎಸ್ ಅಂದದ್ದು ಎಫ್ ಆಗುತ್ತದೆ, ಬಿ ಅಂದದ್ದು ಡಿ ಆಗುತ್ತದೆ. ಕಿವಿ ಚೆನ್ನಾಗಿರುವವರಿಗೂ ಹೀಗೇ.

ನಂಬರ್‌ನಲ್ಲಿ ಇನ್ನೂ ಅಪಾಯ. ಇಂಗ್ಲಿಷ್‌ನಲ್ಲಿ ಹೇಳುವಾಗ ಫಿಫ್ಟೀನ್, ಫಿಫ್ಟಿ ಎರಡೂ ಒಂದೇ ಥರ ಕೇಳುತ್ತವೆ. ಇನ್ಸುಲಿನ್ 15 ಯೂನಿಟ್ ಬದಲು 50 ಯೂನಿಟ್ ಆದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೆ ‘ಹದಿನೈದು, ಒಂದು ಐದು’ ಅಂತ ಬಿಡಿಬಿಡಿಯಾಗಿ ಹೇಳಿ, ಹಾಗೇ ಹೇಳಿಸಿಕೊಳ್ಳಿ. ಪಾಯಿಂಟ್ ಇದ್ದರೆ ಪಾಯಿಂಟ್ ಅಂತ ಜೋರಾಗಿ ಹೇಳಿ.

ರೋಗಿ ಯಾರು ಅನ್ನುವುದನ್ನೂ ಎರಡು ಗುರುತಿನಿಂದ ಖಚಿತ ಮಾಡಿಕೊಳ್ಳಿ, ಪೂರ್ತಿ ಹೆಸರು ಮತ್ತು ಹುಟ್ಟಿದ ದಿನಾಂಕ. ಒಂದೇ ಹೆಸರಿನ ಇಬ್ಬರು ಒಂದೇ ದಿನ ರಕ್ತ ಕೊಟ್ಟಿರುತ್ತಾರೆ, ಇದೇನೂ ಅಪರೂಪ ಅಲ್ಲ. ಮತ್ತೆ ‘ನಿಮ್ಮ ಹುಟ್ಟಿದ ದಿನ ಇಂಥದ್ದು ಅಲ್ವಾ?’ ಅಂತ ನೀವೇ ಹೇಳಬೇಡಿ. ಗಾಬರಿಯಲ್ಲಿ ಇರುವವರು ಏನು ಕೇಳಿದರೂ ಹೌದು ಅಂತಾರೆ. ಅವರ ಬಾಯಿಂದಲೇ ಬರಲಿ.

ಮೆಡಿಕಲ್ ಸ್ಟೋರ್‌ನವನು

ಲ್ಯಾಬ್‌ನವರ ಮಾತಿಗೆ ನನ್ನದೂ ಸೇರಿಸಿ. ಔಷಧಿ ಹೆಸರು ಫೋನ್‌ನಲ್ಲಿ ಹೇಳುವಾಗ ಅಕ್ಷರ ಅಕ್ಷರ ಬಿಡಿಸಿ ಹೇಳಿ, ಯಾವ ಕಾಯಿಲೆಗೆ ಅನ್ನೋದನ್ನೂ ಹೇಳಿ. ಹೈಡ್ರಾಲಜೀನ್ ರಕ್ತದೊತ್ತಡಕ್ಕೆ, ಹೈಡ್ರಾಕ್ಸಿಜೀನ್ ತುರಿಕೆಗೆ. ಸೆಲೆಬ್ರೆಕ್ಸ್ ನೋವಿಗೆ, ಸೆಲೆಕ್ಸಾ ಖಿನ್ನತೆಗೆ. ಕಾಯಿಲೆ ಗೊತ್ತಿದ್ದರೆ ಹೆಸರು ತಪ್ಪಿ ಕೇಳಿಸಿದರೂ ನಾವು ಹಿಡಿಯುತ್ತೇವೆ.

ಇನ್ನೊಂದು ಮಾತ್ರೆ ಬಗ್ಗೆ ಯಾವಾಗಲೂ ಎಚ್ಚರ ಇರಲಿ, ಮೆಥೊಟ್ರೆಕ್ಸೇಟ್. ಕೀಲುವಾತಕ್ಕೆ ಕೊಡುವಾಗ ಅದು ವಾರಕ್ಕೆ ಒಂದೇ ದಿನ. ದಿನಾ ಅಂತ ತಪ್ಪಾಗಿ ತಿಳಿದು ತೆಗೆದುಕೊಂಡು ಜೀವ ಹೋದದ್ದಿದೆ. ಅದರ ಬಗ್ಗೆ ಯಾರೇ ಫೋನ್ ಮಾಡಿದರೂ ‘ವಾರದ ಯಾವ ದಿನ ತೆಗೆದುಕೊಳ್ಳುತ್ತೀರಿ?’ ಅಂತ ಕೇಳಿ. ‘ದಿನಾ’ ಅಂತ ಉತ್ತರ ಬಂದರೆ ಆ ಫೋನ್ ಇಡದೆ ಡಾಕ್ಟರ್‌ಗೆ ಕೊಡಿ.

ಹೊಸ ರಿಸೆಪ್ಷನಿಸ್ಟ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲ ಬರೆದಿಟ್ಟುಕೊಳ್ಳುತ್ತಿದ್ದೇನೆ.

ಒಂದು ಸಂದೇಹ. ಗಂಡ ಫೋನ್ ಮಾಡಿ ‘ನನ್ನ ಹೆಂಡತಿ ರಿಪೋರ್ಟ್ ಏನು ಬಂತು’ ಅಂತ ಕೇಳುತ್ತಾರೆ. ಮಗ ಫೋನ್ ಮಾಡಿ ‘ಅಪ್ಪ ಇವತ್ತು ಬಂದಿದ್ರಾ’ ಅಂತ ಕೇಳುತ್ತಾರೆ. ಮನೆಯವರೇ ಅಲ್ವಾ, ಇಲ್ಲ ಅನ್ನಲು ಬಾಯಿ ಬರೋದಿಲ್ಲ. ಇಲ್ಲ ಅಂದರೆ ಕೋಪ ಬೇರೆ ಮಾಡಿಕೊಳ್ಳುತ್ತಾರೆ.

ರೋಗಿಯ ಮಗಳು

ನಾನು ಕ್ಲಿನಿಕ್‌ನವಳಲ್ಲ, ಅಮ್ಮನ ಚಿಕಿತ್ಸೆಗೆ ಓಡಾಡುವವಳು. ಮನೆಯವರ ಕಡೆಯಿಂದ ಹೇಳುತ್ತೇನೆ. ಅಮ್ಮನಿಗೆ ಕಿವಿ ಕೇಳೋದು ಕಷ್ಟ, ಮಾತ್ರೆ ಹೆಸರು ನೆನಪಿರೋದಿಲ್ಲ. ಎಲ್ಲ ನೋಡಿಕೊಳ್ಳುವವಳು ನಾನು, ಫೋನ್ ಮಾಡಿದರೆ ‘ಪೇಷಂಟ್‌ಗೇ ಕೊಡಿ’ ಅಂತಾರೆ. ಸಿಟ್ಟು ಬರುತ್ತದೆ, ನಿಜ. ಗೋಪ್ಯ ಅನ್ನುವ ಮಾತನ್ನು ಕೆಲಸ ತಪ್ಪಿಸಿಕೊಳ್ಳಲು ಬಳಸಬೇಡಿ ಅನ್ನೋದು ನನ್ನ ವಿನಂತಿ.

ಹಳೇ ಸಿಸ್ಟರ್

ಮಗಳ ಸಿಟ್ಟು ನ್ಯಾಯವಾದದ್ದೇ. ಆದರೂ ನಿಯಮ ಸಡಿಲ ಮಾಡೋದು ಅದಕ್ಕೆ ದಾರಿಯಲ್ಲ. ರೋಗಿಯನ್ನು ಮೊದಲ ಸಲ ನೋಡುವಾಗಲೇ ‘ನಿಮ್ಮ ವಿಷಯ ಯಾರ ಹತ್ತಿರ ಮಾತಾಡಬಹುದು?’ ಅಂತ ಕೇಳಿ, ಬರೆಸಿ, ಸಹಿ ಹಾಕಿಸಿ ಫೈಲ್‌ನ ಮೊದಲ ಪುಟದಲ್ಲಿ ಇಡಬೇಕು. ಆಗ ಮಗಳು ಫೋನ್ ಮಾಡಿದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಹೆಸರು ಇಲ್ಲದವರಿಗೆ, ಗಂಡನೇ ಆಗಿರಲಿ, ರಿಪೋರ್ಟ್ ಹೇಳುವ ಹಾಗಿಲ್ಲ.

ರಿಪೋರ್ಟ್ ಅಷ್ಟೇ ಅಲ್ಲಮ್ಮ, ‘ಅವರು ಇವತ್ತು ಬಂದಿದ್ದರು’ ಅನ್ನೋದೇ ಗೋಪ್ಯ. ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣುಮಗಳು ಯಾರಿಗೂ ಹೇಳದೆ ಬಂದಿರುತ್ತಾಳೆ. ಗಂಡ ಫೋನ್ ಮಾಡಿ ‘ಅವಳ ಅಪಾಯಿಂಟ್‌ಮೆಂಟ್ ಎಷ್ಟು ಗಂಟೆಗೆ, ಕರೆದುಕೊಂಡು ಹೋಗೋಕೆ ಬರ್ತೀನಿ’ ಅಂತ ತುಂಬ ಮೆತ್ತಗೆ ಕೇಳುತ್ತಾನೆ. ನೀನು ಹೇಳಿಬಿಟ್ಟರೆ ಅವಳಿಗೆ ಅಪಾಯ. ಅದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಟ್ಟುಕೋ: ‘ನಮ್ಮಲ್ಲಿ ಯಾರು ಬರುತ್ತಾರೆ, ಯಾರು ಬರೋದಿಲ್ಲ ಅಂತ ಫೋನ್‌ನಲ್ಲಿ ಹೇಳೋದಿಲ್ಲ ಸರ್, ಯಾರದ್ದೂ ಹೇಳೋದಿಲ್ಲ.’ ಎಲ್ಲರಿಗೂ ಒಂದೇ ಆದರೆ ಯಾರ ಮೇಲೂ ಅನುಮಾನ ಪಟ್ಟ ಹಾಗೆ ಆಗೋದಿಲ್ಲ.

ಕೇಳೋದಕ್ಕೆ ಮಾತ್ರ ಅಡ್ಡಿಯಿಲ್ಲ. ಮನೆಯವರು ‘ಅವರು ಮಾತ್ರೆ ನಿಲ್ಲಿಸಿಬಿಟ್ಟಿದ್ದಾರೆ’ ಅಂತ ಹೇಳಿದರೆ ಕೇಳಿ ಬರೆದುಕೋ, ಡಾಕ್ಟರ್‌ಗೆ ಕೊಡು. ಹೇಳೋದಕ್ಕೆ ಒಪ್ಪಿಗೆ ಬೇಕು, ಕೇಳಿಸಿಕೊಳ್ಳೋದಕ್ಕೆ ಬೇಡ.

ಮ್ಯಾನೇಜರ್

ಗೋಪ್ಯ ಅಂದ ಕೂಡಲೇ ಎಲ್ಲರೂ ಫೈಲ್ ಬಗ್ಗೆ ಯೋಚಿಸುತ್ತಾರೆ, ಕೌಂಟರ್ ಬಗ್ಗೆ ಯೋಚಿಸುವುದಿಲ್ಲ. ‘ಹೌದಾ, ಪ್ರೆಗ್ನೆನ್ಸಿ ಟೆಸ್ಟ್ ರಿಸಲ್ಟಾ, ಹೆಸರು ಹೇಳಿ’ ಅಂತ ಜೋರಾಗಿ ಹೇಳಿದರೆ ಎದುರು ಬೆಂಚಿನಲ್ಲಿ ಕೂತವರಿಗೆಲ್ಲ ಗೊತ್ತಾಗುತ್ತದೆ. ಹೆಸರು ನೀವು ಹೇಳುತ್ತಿದ್ದರೆ ಕಾಯಿಲೆ ಹೇಳಬೇಡಿ, ಕಾಯಿಲೆ ಹೇಳುತ್ತಿದ್ದರೆ ಹೆಸರು ಹೇಳಬೇಡಿ. ವಾಪಸ್ ಓದಬೇಕಾದ್ದನ್ನು ಒಳಗಿನ ಕೋಣೆಯ ಫೋನ್‌ನಿಂದ ಓದಿ. ಸ್ಪೀಕರ್ ಫೋನ್ ಕೌಂಟರ್‌ನಲ್ಲಿ ಬೇಡವೇ ಬೇಡ.

ವಾಯ್ಸ್‌ಮೇಲ್ ಬಿಡುವಾಗ ನಿಮ್ಮ ಹೆಸರು, ನಂಬರ್, ‘ದಯವಿಟ್ಟು ಫೋನ್ ಮಾಡಿ’. ಅಷ್ಟೇ. ಯಾವ ಟೆಸ್ಟ್, ಯಾವ ವಿಭಾಗ ಅಂತ ಬೇಡ, ಆ ಮೆಸೇಜ್ ಯಾರು ಕೇಳುತ್ತಾರೋ ಗೊತ್ತಿಲ್ಲ. ಇನ್ಶೂರೆನ್ಸ್‌ನವರು, ಪೊಲೀಸರು, ಬೇರೆ ಆಸ್ಪತ್ರೆಯವರು ಅಂತ ಹೇಳಿಕೊಂಡು ಮಾಹಿತಿ ಕೇಳಿದರೆ ಅವರು ಕೊಟ್ಟ ನಂಬರ್‌ಗೆ ವಾಪಸ್ ಮಾಡಬೇಡಿ. ಆ ಸಂಸ್ಥೆಯ ನಂಬರನ್ನು ನೀವೇ ಹುಡುಕಿ ಅದಕ್ಕೆ ಮಾಡಿ. ನಿಜವಾದವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಕಿವಿ ಪರೀಕ್ಷೆ ಮಾಡುವವಳು

ಮೇಲೆ ಮಗಳು ಅಮ್ಮನ ಕಿವಿಯ ವಿಷಯ ಹೇಳಿದ್ದರು. ವಯಸ್ಸಿನಿಂದ ಕಿವಿ ಮಂದವಾದವರಿಗೆ ಮೊದಲು ಹೋಗುವುದು ಕೀರಲು ಧ್ವನಿಗಳು, ಅಂದರೆ ಹೆಚ್ಚು ಆವರ್ತನದವು. ಕೂಗಿದರೆ ನಮ್ಮ ಧ್ವನಿ ಏರುತ್ತದೆ, ಅವರಿಗೆ ಇನ್ನೂ ಕೇಳಿಸುವುದಿಲ್ಲ. ಕೂಗುವ ಬದಲು ಧ್ವನಿ ತಗ್ಗಿಸಿ, ನಿಧಾನಕ್ಕೆ, ಒಂದು ಸಲಕ್ಕೆ ಒಂದೇ ವಿಷಯ ಹೇಳಿ. ಅರ್ಥ ಆಗದಿದ್ದರೆ ಅದೇ ವಾಕ್ಯವನ್ನು ಮತ್ತೆ ಮತ್ತೆ ಹೇಳಬೇಡಿ, ಬೇರೆ ಪದ ಬಳಸಿ. ಕೊನೆಗೆ ‘ಗೊತ್ತಾಯ್ತಾ?’ ಅಂತ ಕೇಳಬೇಡಿ, ಎಲ್ಲರೂ ಹೌದು ಅಂತಾರೆ. ‘ಯಾವ ದಿನ ಬರ್ತೀರಿ, ಏನೇನು ತರ್ತೀರಿ, ಒಂದ್ಸಲ ಹೇಳಿ’ ಅಂತ ಕೇಳಿ.

ಹೊಸ ರಿಸೆಪ್ಷನಿಸ್ಟ್

ಬೈಯುವವರನ್ನು ಏನು ಮಾಡಲಿ ಮೇಡಂ? ದಿನಕ್ಕೆ ಒಬ್ಬರಾದರೂ ಇರುತ್ತಾರೆ.

ಮ್ಯಾನೇಜರ್

ಮೊದಲು ಪೂರ್ತಿ ಹೇಳಲು ಬಿಡಿ. ಮಧ್ಯೆ ಬಾಯಿ ಹಾಕಿದರೆ ಮತ್ತೆ ಮೊದಲಿಂದ ಶುರು ಮಾಡುತ್ತಾರೆ. ‘ಸಮಾಧಾನ ಮಾಡಿಕೊಳ್ಳಿ’ ಅನ್ನಬೇಡಿ, ಕೋಪದಲ್ಲಿ ಇರುವವರನ್ನು ಅದು ಇನ್ನೂ ಕೆರಳಿಸುತ್ತದೆ. ‘ಬೆಳಗ್ಗೆಯಿಂದ ಯಾರೂ ವಾಪಸ್ ಫೋನ್ ಮಾಡಿಲ್ಲ, ಕಾದು ಕಾದು ಸಾಕಾಗಿದೆ ನಿಮಗೆ’ ಅಂತ ಅವರ ವಿಷಯವನ್ನೇ ಅವರಿಗೆ ಹೇಳಿ. ಆಮೇಲೆ ನಿಮ್ಮ ಕೈಯಲ್ಲಿ ಆಗುವ ಒಂದು ಕೆಲಸ ಹೇಳಿ, ಸಮಯ ಸಮೇತ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಕೋಪ ಹುಟ್ಟುವುದು ಕೊಟ್ಟ ಮಾತು ತಪ್ಪಿದ್ದಕ್ಕೆ. ‘ಡಾಕ್ಟರ್ ಫೋನ್ ಮಾಡ್ತಾರೆ’ ಅಂದರೆ ಅವರು ಆ ಕ್ಷಣದಿಂದ ಫೋನ್ ಕೈಯಲ್ಲಿ ಹಿಡಿದು ಕೂರುತ್ತಾರೆ. ‘ಸಂಜೆ ಓಪಿಡಿ ಮುಗಿದ ಮೇಲೆ, ಆರರಿಂದ ಏಳರೊಳಗೆ’ ಅಂತ ಹೇಳಿ. ಡಾಕ್ಟರ್‌ಗೆ ಆಗದಿದ್ದರೆ ಏಳು ಗಂಟೆಗೆ ನೀವೇ ಫೋನ್ ಮಾಡಿ ಅದನ್ನೂ ಹೇಳಿ.

ಕೆಟ್ಟ ಬೈಗುಳಕ್ಕೆ ಮಾತ್ರ ಮಿತಿ ಇದೆ. ‘ಹೀಗೆ ಮಾತಾಡಿದರೆ ಫೋನ್ ಇಡಬೇಕಾಗುತ್ತದೆ’ ಅಂತ ಒಂದು ಸಲ ಎಚ್ಚರಿಸಿ, ನಿಲ್ಲದಿದ್ದರೆ ಇಟ್ಟು ನಡೆದದ್ದನ್ನು ಬರೆದಿಡಿ. ರೋಗಿಗೆ ತುರ್ತು ಏನೂ ಇಲ್ಲ ಅಂತ ಮೊದಲೇ ಖಚಿತ ಮಾಡಿಕೊಂಡಿರಬೇಕು, ಅದು ಬಿಡಬೇಡಿ. ಮತ್ತೆ ಇಂಥ ಫೋನ್ ಆದ ಮೇಲೆ ಐದು ನಿಮಿಷ ಎದ್ದು ಹೋಗಿ ಬನ್ನಿ, ಆ ಐದು ನಿಮಿಷ ಕೊಡುವುದು ಮ್ಯಾನೇಜರ್ ಕೆಲಸ.

ಡಾಕ್ಟರ್

ಒಂದು ಫೋನ್ ಬಗ್ಗೆ ಯಾರೂ ಹೇಳಲಿಲ್ಲ. ‘ಬದುಕೋದೇ ಬೇಡ ಅನ್ನಿಸಿದೆ’ ಅಂತ ಹೇಳುವವರದ್ದು. ಅಪಾಯಿಂಟ್‌ಮೆಂಟ್ ಕೇಳುವಾಗಲೇ ಮೆಲ್ಲಗೆ ಹೇಳಿಬಿಡುತ್ತಾರೆ, ಕೇಳಿಸಿತೋ ಇಲ್ಲವೋ ಅನ್ನುವ ಹಾಗೆ. ದಾಟಿಸಿ ಮುಂದೆ ಹೋಗಬೇಡಿ. ‘ಸಾಯಬೇಕು ಅನ್ನಿಸುತ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆಯನ್ನು ತಲೆಗೆ ಹಾಕಿದ ಹಾಗಾಗುತ್ತದೆ ಅನ್ನುವುದು ತಪ್ಪು. ಹೌದು ಅಂದರೆ ಹೋಲ್ಡ್ ಬೇಡ, ಉಪದೇಶ ಬೇಡ, ಎಲ್ಲಿದ್ದಾರೆ, ಜೊತೆಗೆ ಯಾರಿದ್ದಾರೆ ಅಂತ ಕೇಳುತ್ತಾ ಮಾತಾಡುತ್ತಲೇ ಇರಿ, ಕೈಸನ್ನೆ ಮಾಡಿ ಅಥವಾ ಚೀಟಿ ಬರೆದು ಡಾಕ್ಟರನ್ನು ಕರೆಸಿ. ಆ ಹೊತ್ತಿಗೆ ಒಳಗೆ ಯಾರಿದ್ದರೂ ಪರವಾಗಿಲ್ಲ.

ವಿಷ ಅಥವಾ ಅತಿಯಾಗಿ ಮಾತ್ರೆ ನುಂಗಿದ್ದಾರೆ ಅಂತ ಗೊತ್ತಾದರೆ ವಾಂತಿ ಮಾಡಿಸಲು ಹೇಳಬೇಡಿ. ಆಂಬುಲೆನ್ಸ್ ಕರೆಸಿ, ಬಾಟಲಿ ಅಥವಾ ಮಾತ್ರೆ ಶೀಟನ್ನು ಜೊತೆಗೇ ಆಸ್ಪತ್ರೆಗೆ ತರಲು ಹೇಳಿ.

ಹಳೇ ಸಿಸ್ಟರ್

ಇನ್ನೊಂದು, ಬಾಗಿಲು ಹಾಕಿದ ಮೇಲಿನ ಫೋನ್. ರೆಕಾರ್ಡ್ ಮಾಡಿದ ಧ್ವನಿ ಮೊದಲ ವಾಕ್ಯದಲ್ಲೇ ‘ತುರ್ತಾಗಿದ್ದರೆ ಫೋನ್ ಇಟ್ಟು ಆಂಬುಲೆನ್ಸ್‌ಗೆ ಕರೆ ಮಾಡಿ’ ಅಂತ ಹೇಳಬೇಕು. ಎಷ್ಟೋ ಕಡೆ ವಿಳಾಸ, ಸಮಯ, ರಜೆ ಎಲ್ಲ ಹೇಳಿ ಕೊನೆಗೆ ಅದು ಬರುತ್ತದೆ. ಒಂದು ಸಲ ಹೊರಗಿನಿಂದ ನಿಮ್ಮ ಕ್ಲಿನಿಕ್ ನಂಬರ್‌ಗೆ ನೀನೇ ಮಾಡಿ ನೋಡು. ಮತ್ತೆ ಮನೆಗೆ ಹೋಗುವ ಮೊದಲು ಚೀಟಿಗಳಲ್ಲಿ ಬರೆದದ್ದೆಲ್ಲ ರೋಗಿಯ ಫೈಲ್‌ಗೆ ಹೋಗಿದೆಯಾ, ಯಾರ ಫೋನ್‌ಗೆ ಇನ್ನೂ ಉತ್ತರ ಹೋಗಿಲ್ಲ ಅಂತ ಒಂದು ಸಲ ನೋಡು. ಪ್ರತಿ ಚೀಟಿಯಲ್ಲೂ ಇರಬೇಕಾದ್ದು ಇಷ್ಟು: ದಿನಾಂಕ, ಸಮಯ, ಯಾರು ಮಾಡಿದ್ದು, ನಂಬರ್, ಏನು ಹೇಳಿದರು, ನೀನು ಏನು ಹೇಳಿದೆ, ಮುಂದೆ ಯಾರ ಕೈಗೆ ಕೊಟ್ಟೆ.

ಹೊಸ ರಿಸೆಪ್ಷನಿಸ್ಟ್

ಈಗಲೇ ಹೊರಗಿನಿಂದ ಮಾಡಿ ನೋಡಿದೆ ಸಿಸ್ಟರ್. ತುರ್ತಿನ ಮಾತು ಕೊನೆಯಲ್ಲಿ ಬರುತ್ತದೆ. ನಾಳೆ ಮ್ಯಾನೇಜರ್‌ಗೆ ಹೇಳಿ ಮುಂದಕ್ಕೆ ಹಾಕಿಸುತ್ತೇನೆ, ಪಟ್ಟಿಯನ್ನೂ ಕೇಳುತ್ತೇನೆ.